ಸೋಮವಾರದ ಒಂದೊತ್ತು

ಪರೀಕ್ಷೆಯಲ್ಲಿ ನಾಲ್ಕು ಉತ್ತರ ಕೊಟ್ಟು ಸರಿಯಾದುದನ್ನು ಆರಿಸಿ ಎನ್ನುತ್ತಾರಲ್ಲವೆ, ಮಕ್ಕಳೇ? ದೇಶ ನಡೆಸುವವರಿಗೆ ಬರುವ ಪ್ರಶ್ನೆಪತ್ರಿಕೆ ಬೇರೆ ಥರದ್ದು. ಅಲ್ಲಿ ಕೆಲವು ಸಲ ನಾಲ್ಕು ಉತ್ತರಗಳೂ ನೋವು ಕೊಡುವಂಥವೇ. ಯಾವುದನ್ನು ಆರಿಸಿದರೂ ಯಾರಿಗೋ ಕಷ್ಟ. ಆರಿಸದೆ ಕೂತರೆ ಎಲ್ಲರಿಗೂ ಕಷ್ಟ. ಅಂಥ ಒಂದು ವರ್ಷವನ್ನು ನಾನು ಒಂಬತ್ತು ವರ್ಷದ ಹುಡುಗನಾಗಿ ನಮ್ಮ ತೆರಕಣಾಂಬಿಯಲ್ಲಿ ಕಂಡಿದ್ದೇನೆ. ಅದು 1965.

ಆಗ ಪ್ರಧಾನಿಯಾಗಿದ್ದವರು ಲಾಲ್ ಬಹಾದ್ದೂರ್ ಶಾಸ್ತ್ರಿ. ನೆಹರೂ ತೀರಿಕೊಂಡ ಮೇಲೆ, 1964ರ ಜೂನ್‌ನಲ್ಲಿ ಅಧಿಕಾರಕ್ಕೆ ಬಂದವರು. ಕುಳ್ಳಗಿನ, ಮೆತ್ತನೆ ಮಾತಿನ ಮನುಷ್ಯ. ಇವರಿಂದ ಏನಾದೀತು ಎಂದು ಅನುಮಾನಪಟ್ಟವರು ಬಹಳ. ಮರುವರ್ಷ ಎರಡು ಸಂಕಟ ಒಟ್ಟಿಗೇ ಬಂದವು.

ಒಂದು, ಯುದ್ಧ. ಆಗಸ್ಟ್‌ನಲ್ಲಿ ಪಾಕಿಸ್ತಾನದ ಕಡೆಯವರು ಕಾಶ್ಮೀರದೊಳಕ್ಕೆ ನುಸುಳಿದರು. ಸೆಪ್ಟೆಂಬರ್ 1ರಂದು ಛಾಂಬ್ ಕಡೆಗೆ ಟ್ಯಾಂಕುಗಳು ನುಗ್ಗಿದವು. ಅಲ್ಲೇ ತಡೆಯುತ್ತಾ ನಿಂತರೆ ಕಾಶ್ಮೀರದ ದಾರಿಯೇ ಕಡಿದುಹೋಗುವ ಭಯ. ಲಾಹೋರಿನ ಕಡೆ ಗಡಿ ದಾಟಿದರೆ ದೊಡ್ಡ ಯುದ್ಧ. ಶಾಸ್ತ್ರಿಯವರು ಸೇನೆಯ ಹಿರಿಯರ ಮಾತು ಕೇಳಿ ಎರಡನೆಯದಕ್ಕೆ ಒಪ್ಪಿದರು. 6ನೇ ತಾರೀಖು ನಮ್ಮ ಸೈನ್ಯ ಗಡಿ ದಾಟಿತು.

ಇನ್ನೊಂದು, ಬರ. ಹಿಂದಿನ ವರ್ಷ ಸುಮಾರು 8 ಕೋಟಿ 90 ಲಕ್ಷ ಟನ್ ಇದ್ದ ದೇಶದ ದವಸ ಧಾನ್ಯದ ಬೆಳೆ ಆ ವರ್ಷ 7 ಕೋಟಿ 20 ಲಕ್ಷ ಟನ್ನಿಗೆ ಇಳಿಯಿತು. ಅಮೆರಿಕದಿಂದ ಹಡಗಿನಲ್ಲಿ ಗೋಧಿ ಬರುತ್ತಿತ್ತು ನಿಜ. ಆದರೆ ಅವರು ಅದನ್ನು ಅಳೆದೂ ಸುರಿದೂ ಕಳಿಸತೊಡಗಿದ್ದರು. ಕೈಯೊಡ್ಡುತ್ತಲೇ ಇರುವುದೋ, ನಮ್ಮ ಹೊಟ್ಟೆಯನ್ನೇ ಸ್ವಲ್ಪ ಕಟ್ಟುವುದೋ? ಶಾಸ್ತ್ರಿಯವರು ದೇಶದ ಜನರನ್ನು ಕೇಳಿಕೊಂಡರು: ವಾರಕ್ಕೊಂದು ಹೊತ್ತು, ಸೋಮವಾರ ರಾತ್ರಿಯ ಊಟ ಬಿಡಿ. ಹೀಗೆ ಕೇಳುವ ಮೊದಲು ಅವರು ತಮ್ಮ ಮನೆಯಲ್ಲೇ ಒಂದು ರಾತ್ರಿ ಒಲೆ ಹಚ್ಚಿಸಲಿಲ್ಲವಂತೆ. ತಮ್ಮ ಮಕ್ಕಳು ಹಸಿವು ತಡೆದುಕೊಂಡಾರೆಯೇ ಎಂದು ನೋಡಿಕೊಂಡ ಮೇಲೇ ಊರ ಮಕ್ಕಳ ಮಾತು. ಸೋಮವಾರ ಸಂಜೆ ಎಷ್ಟೋ ಊರುಗಳಲ್ಲಿ ಹೋಟೆಲುಗಳೂ ಬಾಗಿಲು ಹಾಕಿದವು.

ನಮ್ಮೂರಿಗೆ ಈ ಸುದ್ದಿ ತಂದದ್ದು ರೇಡಿಯೋ. ಅಜ್ಜಿ ಕೇಳಿ ನಕ್ಕುಬಿಟ್ಟರು. "ಸ್ವಾಮಾರ ಮಾದಪ್ಪನ ವಾರ ಕನ. ನಾ ಯಾವತ್ತೂ ಒಂದೊತ್ತೇ ಉಣ್ಣದು" ಎಂದರು. ಮಲೆ ಮಾದಪ್ಪನ ಒಕ್ಕಲಿನ ಮನೆಗಳಿಗೆ ಸೋಮವಾರದ ಉಪವಾಸ ಹೊಸದೇನಲ್ಲ. ಆದರೆ ನಮ್ಮ ಹೊಲಕ್ಕೆ ಕಳೆ ಕೀಳಲು ಬರುತ್ತಿದ್ದ ಮುದುಕಿಯೊಬ್ಬರು ಅಜ್ಜನನ್ನು ಕೇಳಿದ ಮಾತು ನನಗೆ ಇನ್ನೂ ಕಿವಿಯಲ್ಲಿದೆ: "ನಮ್ಗಿರೋದೇ ಒಂದೊತ್ತು ಕನ ಯಜಮಾನ್ರೇ. ಅದ್ರಲ್ಲಿ ಯಾವ್ದ ಬುಡಾನ?"

ಅಜ್ಜ ಆ ಹೊತ್ತು ಏನೂ ಹೇಳಲಿಲ್ಲ. ಮಾರನೆಯ ದಿನ ಹಗೇವು ತೆಗೆಸಿದರು.

ಹಗೇವು ಎಂದರೆ ರಾಗಿ ತುಂಬಿಡುವ ನೆಲದೊಳಗಿನ ಕಣಜ. ಗಟ್ಟಿ ನೆಲದಲ್ಲಿ ಆಳದ ಗುಂಡಿ ತೋಡಿ, ಒಳಗೆ ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ರಾಗಿಗೆ ಹುಳು ಬೀಳುವುದಿಲ್ಲ, ವರ್ಷಗಟ್ಟಲೆ ಇರುತ್ತದೆ. ತೆಗೆದ ಕೂಡಲೇ ಯಾರೂ ಇಳಿಯುವಂತಿಲ್ಲ. ಒಳಗೆ ಕೆಟ್ಟ ಗಾಳಿ ಇರುತ್ತದೆ. ಮೊದಲು ದೀಪ ಇಳಿಬಿಡಬೇಕು. ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು.

ಅಜ್ಜ ಮೊದಲು ಬಿತ್ತನೆ ರಾಗಿಯನ್ನು ತೆಗೆದು ಬೇರೆ ಇಟ್ಟರು. ಉಳಿದದ್ದನ್ನು ನಮ್ಮ ಹೊಲದಲ್ಲಿ ದುಡಿಯುವ ಮನೆಗಳಿಗೆ ತಲೆ ಲೆಕ್ಕದಲ್ಲಿ ಸೇರಿನಿಂದ ಅಳೆದು ಕೊಟ್ಟರು. ನಮ್ಮ ಮನೆಗೂ ಅದೇ ಸೇರು, ಅದೇ ಲೆಕ್ಕ. ಅಜ್ಜಿಗೆ ಸಿಟ್ಟು ಬಂತು. "ಮುಂದ್ಲ ವರ್ಸನೂ ಮಳ ಬರ್ದೆ ಹೋದ್ರೆ?" ಎಂದು ಕೇಳಿದರು. "ನಂಗೂ ಗೊತ್ತಿಲ್ಲ. ಹಸಿವು ಇವತ್ತಿಂದು" ಎಂದರು ಅಜ್ಜ. ಮುಂದಿನ ವರ್ಷವೂ ದೇಶದಲ್ಲಿ ಬರವೇ ಆಯಿತು. ಅಜ್ಜಿಯ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ಮುದ್ದೆಯ ಬದಲು ಅಂಬಲಿ ಕುಡಿದ ರಾತ್ರಿಗಳು ಎಷ್ಟೋ. ಆದರೆ ಬಿತ್ತನೆ ರಾಗಿ ಇತ್ತು, ಬಿತ್ತಲು ಕೈಗಳೂ ಇದ್ದವು.

ನಮ್ಮ ಕೊಡಗಿನ ಜನರಲ್ ಕಾರ್ಯಪ್ಪನವರ ವಿಷಯವನ್ನು ನಾನು ಆಮೇಲೆ ಓದಿ ತಿಳಿದೆ. ಸ್ವತಂತ್ರ ಭಾರತದ ಸೇನೆಯ ಮೊದಲ ಭಾರತೀಯ ದಂಡನಾಯಕರು ಅವರು. ಆಗ ನಿವೃತ್ತರಾಗಿ ಮಡಿಕೇರಿಯಲ್ಲಿದ್ದರು. ಅವರ ಮಗ ವಾಯುಪಡೆಯಲ್ಲಿದ್ದರು. ಯುದ್ಧದ ಕೊನೆಯ ದಿನ, ಸೆಪ್ಟೆಂಬರ್ 22ರಂದು, ಅವರ ವಿಮಾನ ಉರುಳಿ ಪಾಕಿಸ್ತಾನದ ಸೆರೆಗೆ ಸಿಕ್ಕರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ದೇಶ ಒಡೆಯುವ ಮೊದಲು ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಮಗನನ್ನು ಬೇಗ ಬಿಡಬಹುದು ಎಂದು ಹೇಳಿ ಕಳಿಸಿದರು. ತಂದೆ ಒಪ್ಪಲಿಲ್ಲ. ಸೆರೆಯಲ್ಲಿರುವ ಸೈನಿಕರೆಲ್ಲ ತಮ್ಮ ಮಕ್ಕಳೇ, ತಮ್ಮ ಮಗನಿಗೆ ಮಾತ್ರ ಬೇರೆ ಲೆಕ್ಕ ಬೇಡ ಎಂದರು. ಮಗ ಮನೆಗೆ ಬಂದದ್ದು ನಾಲ್ಕು ತಿಂಗಳ ಮೇಲೆ.

ಶಾಸ್ತ್ರಿಯವರ ಕೊನೆಯ ತೀರ್ಮಾನ ಎಲ್ಲಕ್ಕಿಂತ ಕಷ್ಟದ್ದು. 1966ರ ಜನವರಿ 10ರಂದು ತಾಷ್ಕೆಂಟಿನಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದರು. ನಮ್ಮ ಸೈನಿಕರು ಪ್ರಾಣ ಕೊಟ್ಟು ಗೆದ್ದ ಹಾಜಿ ಪೀರ್ ಕಣಿವೆಯನ್ನು ಹಿಂದಿರುಗಿಸಬೇಕಾಯಿತು. ದೇಶದಲ್ಲಿ ಬಹಳ ಜನಕ್ಕೆ ಅದು ಹಿಡಿಸಲಿಲ್ಲ. ಅದೇ ರಾತ್ರಿ ಕಳೆದು 11ರ ನಸುಕಿಗೆ ಮುಂಚೆ ಅವರು ಅಲ್ಲೇ ತೀರಿಕೊಂಡರು. ಅವರು ಮಾಡಿದ್ದು ಸರಿಯೋ ತಪ್ಪೋ ಎಂದು ದೊಡ್ಡವರು ಇವತ್ತಿಗೂ ವಾದ ಮಾಡುತ್ತಾರೆ. ಮಾಡಲಿ. ಕಷ್ಟದ ತೀರ್ಮಾನದ ಗುಣವೇ ಅದು.

ಇಷ್ಟು ವರ್ಷ ಪತ್ರಿಕೆ ಓದಿದ ಮೇಲೆ ನಾನು ಎರಡು ಪ್ರಶ್ನೆ ಕಲಿತಿದ್ದೇನೆ. ಯಾವ ನಾಯಕರಾದರೂ ಜನರು ಕಷ್ಟ ತಾಳಬೇಕು ಎಂದಾಗ ಕೇಳಿಕೊಳ್ಳುತ್ತೇನೆ: ಆ ಕಷ್ಟದ ಬಿಸಿ ಮೊದಲು ಅವರ ಮನೆಗೆ ತಟ್ಟಿತೆ? ಬಿಡಲು ಒಂದೊತ್ತೂ ಇಲ್ಲದವರನ್ನು ಅವರು ನೆನೆದರೆ? ಮೊದಲನೆಯದನ್ನು ನಾನು ಕಲಿತದ್ದು ಶಾಸ್ತ್ರಿಯವರಿಂದ. ಎರಡನೆಯದನ್ನು ಕಲಿಸಿದ್ದು ಕಳೆ ಕೀಳುತ್ತಿದ್ದ ಆ ಮುದುಕಿ. ನಿಮ್ಮ ಮನೆಯಲ್ಲೂ ಅಜ್ಜ ಅಜ್ಜಿ ಇದ್ದರೆ, ಬರುವ ಸೋಮವಾರ ರಾತ್ರಿ ಊಟಕ್ಕೆ ಕೂತಾಗ ಆ ವರ್ಷದ ಸುದ್ದಿ ಕೇಳಿ ನೋಡಿ. ಅವರು ಕಂಡದ್ದೋ, ಅವರ ಅಪ್ಪ ಅಮ್ಮ ಹೇಳಿದ್ದೋ, ಏನಾದರೂ ಸಿಕ್ಕೇ ಸಿಗುತ್ತದೆ.