ಒಂದೇ ಸೂಜಿ ಯಾಕ

ಬೆಂಗಳೂರು

ಅಕ್ಕಾ,

ಕೀಮೋ ಆದ ಮರುದಿನ ಕೊಟ್ಟ ಸೂಜಿ ಬಗ್ಗೆ ಫೋನಿನ್ಯಾಗ ಕೇಳಿದ್ದಿ: 'ಮಗ್ಗುಲ ಹಾಸಿಗಿಯಾಕಿಗೆ ದಿನಾ ಸೂಜಿ, ನನಗ ಒಂದೇ. ಕಮ್ಮಿ ಕೊಟ್ಟಾರೇನು?' ಭಾವನ ಮುಂದ ಬಿಡಿಸಿ ಹೇಳಲಿಕ್ಕೆ ಆಗಲಿಲ್ಲ, ಅದಕ್ಕ ಬರೀಲಿಕ್ಕತ್ತೀನಿ.

ಕಮ್ಮಿ ಅಲ್ಲವ್ವಾ. ಆಕಿಗೆ ಕೊಡೋದು ಫಿಲ್‌ಗ್ರಾಸ್ಟಿಮ್, ನಿನಗ ಕೊಟ್ಟಿದ್ದು ಪೆಗ್‌ಫಿಲ್‌ಗ್ರಾಸ್ಟಿಮ್. ಒಳಗಿನ ಪ್ರೋಟೀನ್ ಒಂದೇ. ಬಿಳಿ ರಕ್ತಕಣ ಹುಟ್ಟಿಸು ಅಂತ ಎಲುಬಿನ ಮಜ್ಜೆಗೆ ಹೇಳೋದೇ ಅದರ ಕೆಲಸ. ಬರೇ ಪ್ರೋಟೀನ್ ಆದ್ರ ಸುಮಾರು ಮೂರೂವರೆ ತಾಸಿನ್ಯಾಗ ಅರ್ಧ ಖಾಲಿ, ಮೂತ್ರಪಿಂಡ ಸೋಸಿ ಚೆಲ್ತದ. ನಿಂದಕ್ಕ ಪಾಲಿಎಥಿಲೀನ್ ಗ್ಲೈಕಾಲಿನ ಉದ್ದ ಎಳೆ ಅಂಟಿಸ್ಯಾರ. (ಅಪ್ಪಗ ಮಲಬದ್ಧತೆಗೆ ಕೊಡ್ತಿದ್ದ ಪುಡಿ ಇದೇ ಜಾತಿದು, ನಗಬ್ಯಾಡ.) ಎಳೆ ಪ್ರೋಟೀನಿಗಿಂತ ತುಸು ಭಾರ, ನೀರು ಹಿಡಕೊಂಡು ಮತ್ತೂ ಉಬ್ತದ, ಮೂತ್ರಪಿಂಡದ ಜಾಲರಿಯೊಳಗ ಸುಲಭಕ್ಕ ತೂರೋದಿಲ್ಲ.

ಅಂಟಿಸೋದು ದೊಡ್ಡ ಮಾತಲ್ಲ, ಎಲ್ಲಿ ಅನ್ನೋದೇ ನಮ್ಮ ಕಸಬು. ಎತ್ತಿನ ಗಂಟಿ ಕೊರಳಿಗೆ ಕಟ್ತಾರ. ಕಾಲಿಗೆ ಕಟ್ಟಿದ್ರ ಹ್ಯಾಂಗ ನಡೀತದ? ಈ ಪ್ರೋಟೀನಿನ್ಯಾಗ ಎಳೆ ಕೂಡಬಹುದಾದ ಅಮೈನ್ ಗುಂಪು ಐದು: ನಾಲ್ಕು ಲೈಸಿನ್, ಮತ್ತ ಮೊದಲ ತುದಿ. ದ್ರಾವಣಾನ ತುಸು ಆಮ್ಲೀಯ ಮಾಡಿ ಪಿಎಚ್ 5ರ ಸುತ್ತ ಇಟ್ರ ಲೈಸಿನ್‌ಗಳು ಪ್ರೋಟಾನ್ ಹಿಡಕೊಂಡು ಸುಮ್ಮನಾಗ್ತಾವ, ತುದಿಯಷ್ಟೇ ಎಳೆ ಹಿಡೀತದ. ಪ್ರೋಟೀನಿನ ಮಡಿಕಿ ಬಿಚ್ಚೋದಿಲ್ಲ. 1977ರಾಗ ಅಮೆರಿಕದ ರಟ್ಗರ್ಸ್‌ನ ಫ್ರಾಂಕ್ ಡೇವಿಸ್, ಅಬುಚೊವ್‌ಸ್ಕಿ ಈ ವಿದ್ಯಾ ತೋರಿಸಿದಾಗ ಇಷ್ಟು ನಾಜೂಕು ಇರಲಿಲ್ಲ. ಎಳೆ ಸಿಕ್ಕಸಿಕ್ಕಲ್ಲಿ ಕೂಡ್ತಿತ್ತು.

ನನಗ ಭಾಳ ಸೇರೋದು ಮುಂದಿನ ಮಾತು. ಮೂತ್ರಪಿಂಡ ಬಿಟ್ಟ ಔಷಧ ಹೋಗೋದೆಲ್ಲಿ? ಅದೇ ಹುಟ್ಟಿಸಿದ ನ್ಯೂಟ್ರೊಫಿಲ್ ಅನ್ನೋ ಬಿಳಿ ಕಣಗಳು ಅದನ್ನ ಹಿಡಿದು ನುಂಗ್ತಾವ. ಕಣ ಕಮ್ಮಿ ಇರೋತನಕ ಔಷಧ ಉಳೀತದ, ಕಣ ಹೆಚ್ಚಾದಂಗ ತಾನಾಗೇ ಇಳೀತದ. ನಿನ್ನ ಮೈಯೇ ಲೆಕ್ಕ ಇಟ್ಟು ನಿಲ್ಲಿಸ್ತದ ಅಕ್ಕಾ!

ಹೈದರಾಬಾದಿನ ಡಾ. ರೆಡ್ಡೀಸ್ ಈ ಔಷಧ ಮಾಡ್ತದ. ಇಲ್ಲಿನ ಬಯೋಕಾನ್, ಮೈಲಾನ್ ಜೋಡಿ ಮಾಡಿದ್ದಕ್ಕ 2018ರಾಗ ಅಮೆರಿಕ ಒಪ್ಪಿಗಿ ಕೊಟ್ಟಿತು. ಇರಲಿ, ರಾಯಿಕೋಡಿನಿಂದ ದಿನಾ ಜಹೀರಾಬಾದಿಗೆ ಬಸ್ ಹಿಡಿಯೋದು ನಿನಗ ತಪ್ಪಿತಲ್ಲ, ನನಗ ಅದೇ ದೊಡ್ಡದು.

ಸೊಂಟ, ಎದಿ ಎಲುಬು ನೋಯ್ತಾವ ಅಂದಿ. ಈ ಸೂಜಿಗೆ ಎಲುಬು ನೋಯೋದು ಮಾಮೂಲಿ. ಆದ್ರೂ ಡಾಕ್ಟರಿಗೆ ಕೇಳಿಯೇ ಗುಳಿಗಿ ತಗೋ. ಮುಂದಿನ ಸೂಜಿ ಮನಿಗೆ ತಂದ್ರ ಫ್ರಿಜ್ಜಿನ್ಯಾಗಿಡು, ಬರ್ಫದ ಖಾನೆಯಾಗ ಬ್ಯಾಡ, ಅಲುಗಾಡಿಸಲೂ ಬ್ಯಾಡ. ಜ್ವರ 100.4 ಮುಟ್ಟಿದ್ರ ಬೆಳಗಾಗೋದು ಕಾಯಬ್ಯಾಡ, ಭಾವನ್ನ ಎಬ್ಬಿಸಿ ಆಸ್ಪತ್ರಿಗೆ ಹೊರಡು. ದಾರ್ಯಾಗಿಂದ ನನಗ ಫೋನ್ ಹಚ್ಚು.

ನಿನ್ನ ತಂಗಿ