ಬಾಣಂತಿಯ ವ್ಯಾಯಾಮ ಯಜಮಾನರಿಗೆ

ಹೆರಿಗೆಯಾದ ಮೇಲೆ ಕೆಮ್ಮಿದರೂ ಸೀನಿದರೂ ಒಂದೆರಡು ಹನಿ ಮೂತ್ರ ಜಾರುವುದು ನಮ್ಮಲ್ಲಿ ಅನೇಕರಿಗೆ ಗೊತ್ತು. ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೆ. ಅದೇ ತೊಂದರೆ ಗಂಡಸರಿಗೆ ಬಂದರೆ ಮಾತ್ರ ಆಕಾಶವೇ ತಲೆ ಮೇಲೆ ಬಿದ್ದ ಹಾಗೆ!

ನಮ್ಮವರಿಗೆ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಎಂದು ತಿಳಿದು, ರೋಬೋಟ್ ಮೂಲಕ ಆಪರೇಷನ್ ಎಂದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. "ಆಮೇಲೆ ಪಂಚೆ ಒದ್ದೆ ಆಗುತ್ತಾ ಡಾಕ್ಟ್ರೇ?" ಪ್ರಾಣದ ಮಾತೇ ಎತ್ತಲಿಲ್ಲ ನೋಡಿ.

ಡಾಕ್ಟರು ಚಿತ್ರ ಬರೆದು ತೋರಿಸಿದರು. ಮೂತ್ರಕೋಶದ ಬಾಯಿಗೆ ಅಂಟಿಕೊಂಡೇ ಈ ಗ್ರಂಥಿ ಇರುತ್ತದೆ. ಮೂತ್ರನಾಳ ಅದರ ನಡುವೆಯೇ ಹಾದುಹೋಗುತ್ತದೆ. ಗ್ರಂಥಿಯ ಜೊತೆ ನಾಳದ ಆ ತುಂಡೂ ಹೋಗುತ್ತದೆ; ಉಳಿದ ನಾಳವನ್ನು ಮೂತ್ರಕೋಶಕ್ಕೆ ಸೇರಿಸಿ ಹೊಲಿಯುತ್ತಾರೆ. ಮೇಲಿನ ಬಾಗಿಲು ಸಡಿಲವಾಗುವುದರಿಂದ ಕೆಳಗಿನ ಸ್ನಾಯುವೇ ಕಾವಲು ಕಾಯಬೇಕು. ಆ ಸ್ನಾಯು, ಅದರ ನರಗಳು, ನಾಳದ ಉದ್ದ ಎಷ್ಟು ಉಳಿದರೆ ಅಷ್ಟು ಒಳ್ಳೆಯದು. ರೋಬೋಟ್ ತಾನಾಗಿ ಏನೂ ಮಾಡುವುದಿಲ್ಲ. ಡಾಕ್ಟರೇ ಕೂತು ಅದರ ಕೈಗಳನ್ನು ಆಡಿಸುತ್ತಾರೆ, ಒಳಗಿನದೆಲ್ಲ ದೊಡ್ಡದಾಗಿ ಕಾಣುತ್ತದೆ. ನನ್ನ ಕೇಳಿದರೆ, ಯಂತ್ರಕ್ಕಿಂತ ಆಡಿಸುವ ಕೈಯ ಅನುಭವವೇ ಮುಖ್ಯ.

ಇನ್ನು ಮನೆಯ ಪಾಲಿನ ಕೆಲಸ. ಮೂತ್ರ ತಡೆಯುವಂತೆ ಒಳಗಿನ ಸ್ನಾಯುವನ್ನು ಬಿಗಿಹಿಡಿದು, ಐದೆಣಿಸಿ, ಅಷ್ಟೇ ಹೊತ್ತು ಸಡಿಲ ಬಿಡಬೇಕು. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಹೊಟ್ಟೆ, ಪೃಷ್ಠ ಬಿಗಿಯಬಾರದು, ಉಸಿರು ಕಟ್ಟಬಾರದು. ಆಪರೇಷನ್‌ಗೆ ಕೆಲವು ವಾರ ಮೊದಲೇ ಶುರು ಮಾಡಿದರೆ ಸ್ನಾಯುವಿನ ಗುರುತು ಸಿಗುತ್ತದೆ. ಕೊಳವೆ ಇರುವಷ್ಟು ದಿನ ಮಾತ್ರ ಬೇಡ. ಅಮೆರಿಕದ ಸ್ತ್ರೀರೋಗ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಇದನ್ನು ಹೇಳಿದ್ದು ಹೆತ್ತ ಹೆಂಗಸರಿಗಾಗಿ! ಇದನ್ನು ಕೇಳಿ ನಮ್ಮವರು, "ಸರಿ, ಇನ್ನು ನನಗೂ ಬಾಣಂತನ" ಎಂದರು.

ಕೊಳವೆ ತೆಗೆದ ಮೊದಲ ವಾರಗಳು ಕಷ್ಟವೇ. ದಿನಕ್ಕೆ ಐದಾರು ಪ್ಯಾಡು. ತಂಗಿಯ ಮಗಳ ಮದುವೆಗೂ ಬರಲಿಲ್ಲ. ಒದ್ದೆಯಾದೀತೆಂದು ನೀರು ಕುಡಿಯುವುದನ್ನೇ ಬಿಟ್ಟರು. ಅದು ಕೂಡದು, ಮೂತ್ರ ಗಟ್ಟಿಯಾಗಿ ಉರಿ ಹೆಚ್ಚುತ್ತದೆ. ಕಾಫಿ ಮಾತ್ರ ಕಡಿಮೆ ಮಾಡಿದೆ. ಮಲಬದ್ಧತೆ ಆಗದಂತೆ ಸೊಪ್ಪು, ಪಪ್ಪಾಯ ಕೊಟ್ಟೆ, ಮುಕ್ಕಿದರೆ ಸ್ನಾಯುವಿಗೆ ಭಾರ. ಕುರ್ಚಿಯಿಂದ ಏಳುವಾಗ, ಕೆಮ್ಮುವಾಗ ಮೊದಲೇ ಬಿಗಿಹಿಡಿಯುವುದನ್ನು ರೂಢಿಸಿಕೊಂಡರು. ಜ್ಞಾನಭಾರತಿಯಲ್ಲಿ ನಮ್ಮ ಮನೆ. ಬೆಂಗಳೂರು ವಿಶ್ವವಿದ್ಯಾಲಯದ ಆವರಣದ ಮರಗಳ ನಡುವೆ ದಿನಾ ಮುಂಜಾನೆ ನಡೆಸಿದೆ. ಹಿಡಿತ ಬರಲು ಕೆಲವರಿಗೆ ವಾರಗಳು, ಹಲವರಿಗೆ ತಿಂಗಳುಗಳು, ಒಮ್ಮೊಮ್ಮೆ ವರ್ಷವೂ ಹಿಡಿಯುತ್ತದಂತೆ.

ಈಗ ಐದನೇ ತಿಂಗಳು. ಹಗಲಿಗೆ ಒಂದೇ ಪ್ಯಾಡು, ಅದೂ ಧೈರ್ಯಕ್ಕೆ. ಹೋದ ವಾರ ಇಲ್ಲಿಂದ ಮೆಟ್ರೋ ಹತ್ತಿ ಮೆಜೆಸ್ಟಿಕ್‌ಗೆ ಹೋಗಿಬಂದರು, ಒಬ್ಬರೇ.