ನಡುವೆ ನಿಂತ ಗಾಯಕ

ಎರಡು ಸ್ಪೀಕರಿನ ನಡುವೆ ಸರಿಯಾಗಿ ಕೂತು ಹಾಡು ಕೇಳಿದರೆ ಗಾಯಕ ಎದುರಿಗೆ, ನಟ್ಟನಡುವೆ ನಿಂತು ಹಾಡುತ್ತಾನೆ. ಅಲ್ಲಿ ಪೆಟ್ಟಿಗೆಯೂ ಇಲ್ಲ, ತಂತಿಯೂ ಇಲ್ಲ. ಗೋಡೆಗೆ ತೂಗುಹಾಕಿದ ಕ್ಯಾಲೆಂಡರ್ ಇದ್ದರೆ ಇದ್ದೀತು. ಎಡಬಲಗಳೆರಡರಿಂದಲೂ ಒಂದೇ ದನಿ, ಒಂದೇ ಮಟ್ಟದಲ್ಲಿ, ಒಂದೇ ಗಳಿಗೆಗೆ ಕಿವಿಗೆ ಬಿದ್ದಾಗ ಮಿದುಳು ಅದನ್ನು ತಂದು ಮಧ್ಯದಲ್ಲಿ ನಿಲ್ಲಿಸುತ್ತದೆ. ಪಲ್ಲಕ್ಕಿ ಹೊತ್ತವರಲ್ಲಿ ಒಬ್ಬ ಹೆಜ್ಜೆ ತಪ್ಪಿದರೂ ಒಳಗಿನ ದೇವರು ವಾಲುತ್ತಾನಲ್ಲ, ಹಾಗೆ ಒಂದು ಸ್ಪೀಕರ್ ಸೊರಗಿದರೆ ಗಾಯಕ ಇನ್ನೊಂದರ ಕಡೆಗೆ ಸರಿದುಬಿಡುತ್ತಾನೆ. ಕಂಪ್ಯೂಟರಿನ ಹಾಡಿನ ರಿಪೇರಿಯಲ್ಲಿ ನನಗೆ ತಿಳಿದದ್ದೆಲ್ಲ ಇಷ್ಟೇ: ಏನು ಕೆಟ್ಟರೂ ಮೊದಲು ದಿಕ್ಕೆಡುವವನು ನಡುವೆ ನಿಂತವನು.

ಈ ವಿದ್ಯೆಯ ಅಕ್ಷರಾಭ್ಯಾಸ ಆದದ್ದು ಹಾಸ್ಟೆಲಿನಲ್ಲಿ. ರೂಮಿನ ಗೆಳೆಯ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಅಸೆಂಬಲ್ ಮಾಡಿಸಿದ ಕಂಪ್ಯೂಟರ್ ತಂದಿದ್ದ. ಅದರಲ್ಲಿ ವಿನ್‌ಆಂಪ್. 1997ರಲ್ಲಿ ಹುಟ್ಟಿದ ಆ ಪುಟ್ಟ ಪ್ಲೇಯರ್ ಆಗ ಹಾಸ್ಟೆಲಿನ ಕುಲದೈವ. ಒಂದು ರಾತ್ರಿ ಹೆಡ್‌ಫೋನ್ ಏರಿಸಿದರೆ ಹಂಸಲೇಖರ ವಯಲಿನ್ನು, ಕೀಬೋರ್ಡು ಎಲ್ಲ ಹಾಜರು. ಹಾಡುವವರು ಮಾತ್ರ ಗೈರು. ಅವರ ಪ್ರತಿಧ್ವನಿ ಎಲ್ಲೋ ದೂರದಲ್ಲಿ ಸುಳಿದಾಡುತ್ತಿತ್ತು. ನೋಡಿದರೆ ಪಿನ್ನು ಪೂರ್ತಿ ಒಳಗೆ ಹೋಗಿರಲಿಲ್ಲ.

ಹೆಡ್‌ಫೋನ್ ಪಿನ್ನಿನ ಮೈಮೇಲೆ ಎರಡು ಕಪ್ಪು ಗೆರೆಗಳಿರುತ್ತವೆ. ಗೆರೆ ಕೊಯ್ದ ಮೂರು ತುಂಡುಗಳಲ್ಲಿ ತುದಿ ಎಡಗಿವಿಗೆ, ನಡುವಿನ ಉಂಗುರ ಬಲಗಿವಿಗೆ, ಬುಡ ಇಬ್ಬರಿಗೂ ಸೇರಿದ ವಾಪಸು ದಾರಿ. ಆ ಬುಡ ತಾಗದಿದ್ದರೆ ಎಡಬಲಗಳು ಒಂದನ್ನೊಂದು ಕಳೆಯತೊಡಗುತ್ತವೆ. ಎರಡರಲ್ಲೂ ಸಮವಾಗಿರುವ ದನಿ ಸೊನ್ನೆಯಾಗುತ್ತದೆ, ವ್ಯತ್ಯಾಸವಷ್ಟೇ ಉಳಿಯುತ್ತದೆ. ಟೆಲಿಫೋನ್ ಎಕ್ಸ್‌ಚೇಂಜಿನ ಹೆಂಗಸರು 19ನೇ ಶತಮಾನದಲ್ಲಿ ಕರೆ ಜೋಡಿಸಲು ಬಳಸುತ್ತಿದ್ದ ಪಿನ್ನಿನ ಮೊಮ್ಮಗ ಇದು. ನಮ್ಮ ಹಾಸ್ಟೆಲಿನಲ್ಲಿ ಕರೋಕೆ ಯಂತ್ರವಾಯಿತು. ಪಿನ್ನು ಅರ್ಧ ಎಳೆದು, ಹೆಡ್‌ಫೋನ್ ಹಾಕಿಕೊಂಡು, ಎಸ್ಪಿಬಿ ತೆರವು ಮಾಡಿದ ಜಾಗದಲ್ಲಿ ಒಬ್ಬೊಬ್ಬರೇ ನಿಂತು ಹಾಡಿದ್ದೇ ಹಾಡಿದ್ದು. ವಾದ್ಯವೃಂದ ಕೇಳುವುದು ಹಾಡುವವನಿಗೆ ಮಾತ್ರ. ಉಳಿದವರ ಪಾಲಿಗೆ ಬರೀ ಅವನ ಗಂಟಲು. ವಾರ್ಡನ್ ಬಂದದ್ದು ಅದಕ್ಕೇ.

ದನಿಗೆ ಜಾಗ ಕೊಡುವ ಹಂಬಲ ಹಳೆಯದು. 1881ರಲ್ಲಿ ಪ್ಯಾರಿಸಿನ ವಿದ್ಯುತ್ ಪ್ರದರ್ಶನದಲ್ಲಿ ಕ್ಲೆಮೆಂಟ್ ಆಡೆರ್ ಎಂಬಾತ ಒಪೆರಾ ರಂಗಮಂದಿರದ ಸದ್ದನ್ನು ಟೆಲಿಫೋನ್ ತಂತಿಯಲ್ಲಿ ತಂದು ಕೇಳಿಸಿದ. ಎರಡು ಕಿವಿಗೆ ಎರಡು ರಿಸೀವರು ಹಿಡಿದ ಜನಕ್ಕೆ ಗಾಯಕರು ರಂಗದ ಮೇಲೆ ಅತ್ತಿಂದಿತ್ತ ಓಡಾಡುವುದು ಕಿವಿಯಲ್ಲೇ ಗೊತ್ತಾಯಿತು. ಅದನ್ನು ಶಾಸ್ತ್ರಕ್ಕೆ ಕೂರಿಸಿದವನು ಇಂಗ್ಲೆಂಡಿನ ಅಲನ್ ಬ್ಲಮ್‌ಲೀನ್. ಟಾಕಿ ನೋಡಲು ಹೋದಾಗ ನಟ ಪರದೆಯ ಒಂದು ಬದಿಯಲ್ಲಿ, ಅವನ ಮಾತು ಇನ್ನೊಂದು ಬದಿಯಲ್ಲಿ. ಇದನ್ನು ಅವನಿಗೆ ಸಹಿಸಲಾಗಲಿಲ್ಲವಂತೆ. 1931ರ ಡಿಸೆಂಬರಿನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. 1942ರಲ್ಲಿ, ರೇಡಾರ್ ಪರೀಕ್ಷಿಸುತ್ತಿದ್ದ ವಿಮಾನ ಬಿದ್ದು ತೀರಿಕೊಂಡಾಗ ಅವನಿಗೆ 38 ವರ್ಷ. ಸ್ಟೀರಿಯೊ ಎಲ್‌ಪಿಗಳು ಅಂಗಡಿ ತುಂಬಿದ್ದು 1958ರ ಹೊತ್ತಿಗೆ.

ಸಿನಿಮಾಕ್ಕೆ ಎರಡು ದಿಕ್ಕು ಸಾಲಲಿಲ್ಲ. ಟಾಕೀಸಿನ ಪಕ್ಕದ ಸೀಟಿನಲ್ಲಿ ಕೂತವನಿಗೆ ನಡುವಿನ ದನಿ ನಡುವೆ ನಿಲ್ಲುವುದಿಲ್ಲ; ಆದ್ದರಿಂದ ಪರದೆಯ ಹಿಂದೆ ಮಾತಿಗೆಂದೇ ಒಂದು ಪೆಟ್ಟಿಗೆ ಬಂತು. ಡಿಸ್ನಿಯ ‘ಫ್ಯಾಂಟೇಸಿಯಾ’ 1940ರಲ್ಲೇ ಸದ್ದನ್ನು ಸಭಾಂಗಣದ ಸುತ್ತ ಓಡಾಡಿಸಿತ್ತು. 1992ರ ‘ಬ್ಯಾಟ್‌ಮನ್ ರಿಟರ್ನ್ಸ್’ ಚಿತ್ರದೊಂದಿಗೆ ಡಾಲ್ಬಿ ಡಿಜಿಟಲ್‌ನ 5.1 ಟಾಕೀಸಿಗೆ ಬಂತು: ಎದುರಿಗೆ ಮೂರು, ಹಿಂದೆ ಎರಡು, ಮಂದ್ರದ ಗುಡುಗಿಗೆಂದೇ ಒಂದು. ಕೊನೆಯದು ತಗ್ಗಿನ ಸದ್ದನ್ನಷ್ಟೇ ಹೊರುವುದರಿಂದ ಅದಕ್ಕೆ ಇಡೀ ಅಂಕೆಯ ಮರ್ಯಾದೆ ಸಿಗಲಿಲ್ಲ, ಬರೀ ಪಾಯಿಂಟ್ ಒಂದು.

ಟಾಕೀಸಿನಿಂದ ಈ 5.1 ಮೈಸೂರಿನಲ್ಲಿ ನಮ್ಮ ಸೋದರಮಾವನ ಹಾಲಿಗೆ ಬಂತು. ಮಾವ ನಿವೃತ್ತಿಯ ದುಡ್ಡಿನಲ್ಲಿ ಕಂಪ್ಯೂಟರಿಗೆ 5.1 ಸೆಟ್ಟು ಕೊಂಡರು. ಎರಡು ಸ್ಪೀಕರು ಹಿಂದಿನ ಶೋಕೇಸಿನ ಗೊಂಬೆಗಳ ಪಕ್ಕ, ಮಂದ್ರದ ಡಬ್ಬ ದಿವಾನಿನ ಕೆಳಗೆ. ಮೂರನೆಯ ದಿನ ಫೋನು.

“ಏನೋ ಇದು, ಪಿ.ಬಿ. ಶ್ರೀನಿವಾಸ್ ಬೆನ್ನ ಹಿಂದೆ ನಿಂತು ಹಾಡ್ತಾರೆ?”

“ವಾದ್ಯ ಎಲ್ಲಿಂದ ಬರುತ್ತೆ ಮಾವ?”

“ಅದೂ ಹಿಂದಿಂದಾನೇ. ಎಡಗಡೆ ಶೋಕೇಸು ಒಂದೇ ಹಾಡ್ತಿರೋದು. ಉಳಿದ ಐದಕ್ಕೆ ಯಾಕೆ ದುಡ್ಡು ಕೊಟ್ಟೆ ಅಂತ ನಿಮ್ಮತ್ತೆ ಕೇಳ್ತಾಳೆ. ಹೊಸ ಹಾಡಾದ್ರೆ ವಾದ್ಯ ಮುಂದೆ, ಮನುಷ್ಯ ಹಿಂದೆ.”

ಇಷ್ಟು ಸಾಕು, ರೋಗ ಗೊತ್ತಾಯಿತು. 1960ರ ದಶಕದಲ್ಲಿ ಮದ್ರಾಸಿನ ಸ್ಟುಡಿಯೊಗಳಲ್ಲಿ ಧ್ವನಿಮುದ್ರಣವಾದ ನಮ್ಮ ಚಿತ್ರಗೀತೆಗಳು ಮೋನೊ. ಎಡಕ್ಕೂ ಬಲಕ್ಕೂ ಒಂದೇ. ಪ್ಲೇಯರಿನಲ್ಲಿ ಸರೌಂಡ್ ಎಫೆಕ್ಟ್ ಹಚ್ಚಿದರೆ ಅದು ಎರಡು ಕಡೆಯಲ್ಲೂ ಸಮವಾಗಿರುವುದನ್ನೆಲ್ಲ ಹೆಕ್ಕಿ ನಡುವಿನ ಪೆಟ್ಟಿಗೆಗೆ ಕಳಿಸುತ್ತದೆ. ಮೋನೊ ಹಾಡಿನಲ್ಲಿ ಎಲ್ಲವೂ ಸಮ, ಹಾಗಾಗಿ ಇಡೀ ಹಾಡೇ ಅಲ್ಲಿಗೆ ಹೋಗಬೇಕು. ಅದು ಶೋಕೇಸಿಗೆ ಹೋಗುತ್ತಿದೆ ಎಂದರೆ ನಡುವಿನ ತಂತಿಯೂ ಹಿಂದಿನ ತಂತಿಯೂ ಅದಲುಬದಲು. ಕಂಪ್ಯೂಟರಿನ ಬೆನ್ನಿನ ತೂತುಗಳಿಗೆ ಬಣ್ಣದ ಗುರುತಿದೆ: ಮುಂದಿನ ಸ್ಪೀಕರಿಗೆ ಹಸಿರು, ಹಿಂದಿನದಕ್ಕೆ ಕಪ್ಪು, ನಡುವಿನದಕ್ಕೂ ಮಂದ್ರಕ್ಕೂ ಸೇರಿ ಕಿತ್ತಳೆ, ಮೈಕಿಗೆ ಗುಲಾಬಿ. ಮೇಜಿನ ಕೆಳಗಿನ ಕತ್ತಲಲ್ಲಿ ಕಿತ್ತಳೆಯೂ ಕಪ್ಪೇ. “ಟಾರ್ಚ್ ಹಿಡಿದು ನೋಡಿ ಮಾವ” ಎಂದೆ. ಫೋನಿನಲ್ಲಿ ಸರಸರ ಸದ್ದು, ತಲೆ ಮೇಜಿಗೆ ತಾಗಿದ ಸದ್ದು, ಆಮೇಲೆ “ಬಂದ್ರು, ಬಂದ್ರು, ಮುಂದೆ ಬಂದ್ರು!”

ಆಮೇಲೆ ಬಳಗದಲ್ಲಿ ನನ್ನ ಪ್ರ್ಯಾಕ್ಟೀಸು ಬೆಳೆಯಿತು. ಬರುವ ದೂರುಗಳೂ ಬೆರಳೆಣಿಕೆಯವು. ಸದ್ದೇ ಇಲ್ಲವೆಂದರೆ ಎಚ್‌ಡಿಎಂಐ ತಂತಿ ಸಿಕ್ಕಿಸಿದ ಮೇಲೆ ಕಂಪ್ಯೂಟರ್ ಹಾಡನ್ನು ಸ್ಪೀಕರೇ ಇಲ್ಲದ ಮಾನಿಟರಿಗೆ ಕಳಿಸುತ್ತಿರುತ್ತದೆ. ಒಂದು ಪ್ಲೇಯರ್ ಹಾಡಿದರೆ ಉಳಿದವೆಲ್ಲ ಮೂಕವಾಗುವುದಾದರೆ ಅದು ಸೌಂಡ್ ಕಾರ್ಡನ್ನು ಒಬ್ಬಂಟಿಯಾಗಿ ಗುತ್ತಿಗೆ ಹಿಡಿದಿದೆ. ಎಕ್ಸ್‌ಕ್ಲೂಸಿವ್ ಮೋಡ್ ತೆಗೆಯಬೇಕು. ಸಿನಿಮಾದಲ್ಲಿ ಗುಂಡಿನ ಸದ್ದು ಜೋರು, ಮಾತು ಪಿಸುಪಿಸು ಎಂದರೆ ಇರುವುದು ಎರಡೇ ಸ್ಪೀಕರು, ಸೆಟ್ಟಿಂಗಿನಲ್ಲಿ ಮಾತ್ರ 5.1. ಮಾತು ಇಲ್ಲದ ಪೆಟ್ಟಿಗೆಗೆ ಹೋಗಿ ವ್ಯರ್ಥವಾಗುತ್ತಿರುತ್ತದೆ. ಸ್ಟೀರಿಯೊಗೆ ಇಳಿಸಿದರೆ ಕಂಪ್ಯೂಟರ್ ಅದನ್ನು ಎಡಬಲಕ್ಕೆ ಸಮನಾಗಿ ಹಂಚುತ್ತದೆ. ಇನ್ನು ಎಂಪಿ3 ಹಾಕಿ ಹಿಂದಿನ ಸ್ಪೀಕರು ಹಾಡುತ್ತಿಲ್ಲ ಎನ್ನುವವರಿಗೆ ರಿಪೇರಿಯೇ ಬೇಕಿಲ್ಲ. ಹಾಡಿನಲ್ಲಿರುವುದೇ ಎರಡು ಚಾನೆಲ್, ಹಿಂದಿನವರಿಗೆ ಕೊಡಲು ಏನೂ ಇಲ್ಲ.

ಯಾವ ಮನೆಗೆ ಹೋದರೂ ನಾನು ಮೊದಲು ಹಚ್ಚುವುದು ಹಳೆಯ ಮೋನೊ ಹಾಡನ್ನೇ. ಎಫೆಕ್ಟುಗಳನ್ನೆಲ್ಲ ಆರಿಸಿದರೆ ಅದು ಎರಡು ಸ್ಪೀಕರಿನ ನಟ್ಟನಡುವೆ ನಿಲ್ಲಲೇಬೇಕು. ಒಂದು ಗೇಣು ಆಚೀಚೆ ಸರಿದರೂ ಬ್ಯಾಲೆನ್ಸು ಹೋಗಿದೆ. ಎಲ್ಲಿದೆ ಎಂದೇ ಹೇಳಲಾಗದಂತೆ ಟೊಳ್ಳಾಗಿ ತೇಲಿದರೆ ಒಂದು ಸ್ಪೀಕರಿನ ಪ್ಲಸ್ ಮೈನಸ್ ತಿರುಗಿದೆ. ಯಾವ ಸರೌಂಡಿಗೂ ಬಗ್ಗದ ಹಾಡು ಎಲ್ಲ ಸರೌಂಡಿನ ಹುಳುಕನ್ನೂ ಹೇಳಿಬಿಡುತ್ತದೆ. ಅದಕ್ಕೆಂದೇ ನನ್ನ ಲ್ಯಾಪ್‌ಟಾಪಿನಲ್ಲಿ ‘ಟೆಸ್ಟ್’ ಎಂಬ ಫೋಲ್ಡರಿದೆ, ಅದರ ತುಂಬ ಪಿ.ಬಿ. ಶ್ರೀನಿವಾಸ್. ದಿನಾ ಸಂಜೆ ಟೆಸ್ಟಿಂಗ್ ಇರುತ್ತದೆ. ಅದು ಕೆಲಸವೆಂದು ನನ್ನ ಹೆಂಡತಿ ಮಾತ್ರ ಇನ್ನೂ ಒಪ್ಪಿಲ್ಲ.